ಶೇಂಗಾ ಎಣ್ಣೆ, ಅಡುಗೆ ಸೋಡಾ ಮತ್ತು ಸಾಗವಾನಿ ಜೋಕಾಲಿ

ಹುಬ್ಬಳ್ಳಿಯಲ್ಲಿ ಹಳೆ ಫರ್ನಿಚರ್ ರಿಪೇರಿ, ಪಾಲಿಶ್ ನನ್ನ ಕೆಲಸ. ಈಚೆಗೆ ರಿಪೇರಿಗೆ ಬರುವ ಸಾಮಾನುಗಳಲ್ಲಿ ಒಂದು ಹೊಸ ಬಗೆ ಕಾಣುತ್ತಿದೆ. ಕೆಮಿಕಲ್ ಬೇಡ ಅಂತ ಮನೆಮದ್ದು ಮಾಡಿ ಕೆಟ್ಟ ಮೇಜು, ಕುರ್ಚಿ, ಕಪಾಟು. ಕೆಮಿಕಲ್ ಬೇಡ ಅನ್ನುವುದೇನೋ ಸರಿ. ಆದರೆ ಅಡುಗೆಮನೆಯಲ್ಲಿ ಇರುವುದೆಲ್ಲ ಮರಕ್ಕೂ ಹಿತ ಅಂತ ಯಾರು ಹೇಳಿದರೋ ಗೊತ್ತಿಲ್ಲ.

ಶೇಂಗಾ ಎಣ್ಣೆಯ ಕೇಸೇ ಜಾಸ್ತಿ. ಧಾರವಾಡದ ಮಾಳಮಡ್ಡಿಯ ಹಳೆ ಮನೆಯೊಂದರಲ್ಲಿ ಸಾಗವಾನಿ ಜೋಕಾಲಿ ನೋಡಲು ಕರೆದಿದ್ದರು. ಕೈ ಇಟ್ಟರೆ ಅಂಟು. "ತಮ್ಮಾ, ವಾರಕ್ಕೊಮ್ಮೆ ಶೇಂಗಾ ಎಣ್ಣಿ ಹಚ್ಚತಿದ್ದೆ. ಮೊದಲ ಛಲೋ ಹೊಳೀತಿತ್ತು. ಈಗ ನೋಡಿದ್ರ ಬರೇ ಧೂಳ ಹಿಡದೈತಿ" ಎಂದರು ಮನೆಯ ಹಿರಿಯರು. "ಅಮ್ಮಾರ, ಆ ಎಣ್ಣಿ ಒಣಗೂದಿಲ್ರಿ, ಅಲ್ಲೇ ಕುಂದರತೈತಿ" ಎಂದೆ.

ವಿಷಯ ಇಷ್ಟೇ. ಕೆಲವು ಎಣ್ಣೆಗಳು ಗಾಳಿಯಲ್ಲಿನ ಆಮ್ಲಜನಕ ಹೀರಿ ಗಟ್ಟಿಯಾಗುತ್ತವೆ, ಮರದ ಮೇಲೆ ತೆಳು ಪದರವಾಗಿ ನಿಲ್ಲುತ್ತವೆ. ಅಗಸಿ ಎಣ್ಣೆ ಅಂಥದ್ದು. ಕುಸುಬಿ ಎಣ್ಣೆಯೂ ಒಣಗುತ್ತದೆ, ನಿಧಾನ. ಶೇಂಗಾ, ಕೊಬ್ಬರಿ ಎಣ್ಣೆಗಳು ಹಾಗೆ ಒಣಗುವುದಿಲ್ಲ. ಜಿಡ್ಡು ಹಾಗೇ ಉಳಿದು ಧೂಳು ಹಿಡಿಯುತ್ತದೆ, ಹಳತಾದರೆ ಕಮಟು ವಾಸನೆ ಬೇರೆ. ಆ ಜೋಕಾಲಿಯ ಅಂಟು ತೆಗೆಯಲು ನಾನು ಟರ್ಪೆಂಟೈನ್ ತರಬೇಕಾಯಿತು. ಕೆಮಿಕಲ್ ಬೇಡ ಅಂತ ಶುರುವಾದದ್ದು ಎಲ್ಲಿಗೆ ಬಂದು ನಿಂತಿತು ನೋಡಿ.

ನನಗೆ ಕೆಲಸ ಕಲಿಸಿದ ಉಸ್ತಾದ್ ಯಾವ ಸಾಮಾನು ಬಂದರೂ ಮೊದಲು ಪಾಲಿಶ್ ಯಾವುದು ಅಂತ ನೋಡುತ್ತಿದ್ದರು. ಮರ ಯಾವುದು ಅನ್ನುವುದು ಆಮೇಲೆ. ನಾವು ಒರೆಸುವುದು ಮರವನ್ನಲ್ಲ, ಮರದ ಮೇಲಿನ ಪದರವನ್ನು ಅಲ್ವಾ? ಹಳೆ ಮನೆಗಳ ಸಾಮಾನಿಗೆ ಹೆಚ್ಚಾಗಿ ಸ್ಪಿರಿಟ್ ಪಾಲಿಶ್ ಇರುತ್ತದೆ. ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿದ್ದು. ಅರಗು ಒಂದು ಹುಳದಿಂದ ಬರುತ್ತದೆ, ಪೂರ್ತಿ ನೈಸರ್ಗಿಕ. ಆದರೆ ಬಲು ನಾಜೂಕು. ಬಿಸಿ ಚಹಾ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಸೋಡಾದಂಥ ಕ್ಷಾರ ತಾಗಿದರೆ ಪದರವೇ ಕರಗುತ್ತದೆ. ಅಡುಗೆ ಸೋಡಾ ಕಲಸಿ ತಿಕ್ಕಿದ ಮೇಜುಗಳು ಮಂಕಾಗಿ ಬರುವುದು ಇದೇ ಕಾರಣಕ್ಕೆ. ವಿನೆಗರ್ ಮತ್ತು ಸೋಡಾ ಕೂಡಿಸಿ ಬಳಸುವವರೂ ಇದ್ದಾರೆ. ಬುರುಗು ಬಂದಾಗ ಏನೋ ದೊಡ್ಡ ಕೆಲಸ ಆಗುತ್ತಿದೆ ಅನ್ನಿಸುತ್ತದೆ. ಅಸಲಿಗೆ ಹುಳಿ, ಕ್ಷಾರ ಎರಡೂ ಒಂದರ ಬಲ ಇನ್ನೊಂದು ತಿಂದು, ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಬರೀ ವಿನೆಗರ್ ಆದರೆ ಇನ್ನೊಂದು ತಾಪತ್ರಯ. ಕಬ್ಬಿಣದ ಮೊಳೆ ಇದ್ದ ಕಡೆ ಇಳಿದರೆ ಮರದಲ್ಲಿ ಕಪ್ಪು ಕಲೆ ಏಳುತ್ತದೆ.

ಪಾಲಿಶ್ ಯಾವುದು ಅಂತ ನೀವೇ ನೋಡಬಹುದು. ಮೇಜಿನ ಕೆಳಗೆ, ಕಾಣದ ಮೂಲೆಯಲ್ಲಿ, ಹತ್ತಿಗೆ ಒಂದು ಹನಿ ಸ್ಪಿರಿಟ್ ಹಾಕಿ ಒತ್ತಿ. ಪದರ ಮೆತ್ತಗಾಗಿ ಅಂಟಿದರೆ ಅದು ಅರಗು. ಏನೂ ಆಗದಿದ್ದರೆ ಬಹುಶಃ ಪಿಯು, ಅಂದರೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಬಗೆಯ ಪಾಲಿಶ್. ಹಾಗೇ ನೀರಿನ ಹನಿ ಇಟ್ಟು ನೋಡಿ. ಗುಂಡಾಗಿ ನಿಂತರೆ ಪದರ ಗಟ್ಟಿ ಇದೆ. ಮರ ಕುಡಿದು ಕಪ್ಪಾದರೆ ಪಾಲಿಶ್ ಸವೆದಿದೆ. ಸನ್‌ಮೈಕಾ ಹಚ್ಚಿದ ಪ್ಲೈವುಡ್‌ಗೆ ಇದ್ಯಾವುದೂ ಬೇಡ, ಹಿಂಡಿದ ಒದ್ದೆ ಬಟ್ಟೆ ಸಾಕು. ಅಂಚಿನೊಳಗೆ ನೀರು ಹೋಗದ ಹಾಗೆ ನೋಡಿಕೊಂಡರಾಯಿತು.

ವಾರದ ಕೆಲಸಕ್ಕೆ ಒಣ ಹತ್ತಿ ಬಟ್ಟೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಹಳೆ ಧೋತರದ ತುಂಡು ಬಲು ಛಲೋ. ಕೊಳೆ ಗಟ್ಟಿ ಇದ್ದರೆ ಅಂಟುವಾಳದ ನೀರು. ನಮ್ಮ ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಯಲ್ಲಿ ಕಾಯಿ ಸಿಗುತ್ತದೆ. ಬೀಜ ತೆಗೆದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ ಸೋಸಿ. ಸೋಡಾದ ಕ್ಷಾರ ಇದರಲ್ಲಿಲ್ಲ. ಬಟ್ಟೆ ಅದ್ದಿ ಗಟ್ಟಿಯಾಗಿ ಹಿಂಡಿ ಒರೆಸಿ, ಕೂಡಲೇ ಒಣ ಬಟ್ಟೆ ಎಳೆಯಿರಿ. ನೀರು ಎರಡು ಮೂರು ದಿನದಲ್ಲಿ ಕೆಡುತ್ತದೆ, ಬೇಕಾದಷ್ಟೇ ಮಾಡಿ. ಕಣ್ಣಿಗೆ ಹಾರಿದರೆ ಉರಿ.

ಹೊಳಪಿಗೆ ನಾನು ಮಾಡುವುದು ಜೇನುಮೇಣ, ಅಗಸಿ ಎಣ್ಣೆ. ತೂಕದಲ್ಲಿ ಮೇಣ ಒಂದು ಪಾಲು, ಎಣ್ಣೆ ನಾಲ್ಕು ಪಾಲು. ನೇರ ಬೆಂಕಿಯ ಮೇಲೆ ಬೇಡ. ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟರೆ ಸಾಕು, ಜೇನುಮೇಣ 65 ಡಿಗ್ರಿಯೊಳಗೇ ಕರಗುತ್ತದೆ. ಆರಿದ ಮೇಲೆ ಮುಲಾಮಿನ ಹಾಗಾಗುತ್ತದೆ. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಹೆಚ್ಚಾದದ್ದನ್ನೆಲ್ಲ ಒರೆಸಿ ತೆಗೆಯಿರಿ. ದಪ್ಪ ಹಚ್ಚಿದರೆ ಇದೂ ಅಂಟೇ. ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಎಣ್ಣೆಯಲ್ಲಿ ಬೇಗ ಒಣಗಲಿ ಅಂತ ಲೋಹದ ಲವಣ ಸೇರಿಸಿರುತ್ತಾರೆ. ಮಕ್ಕಳು ಕಚ್ಚುವ ಮಂಚ, ಕುರ್ಚಿಗಳಿಗೆ ಗಾಣದ ಎಣ್ಣೆಯನ್ನೇ ತನ್ನಿ. ಅಗಸಿ ಚಟ್ನಿ ತಿನ್ನುವ ಊರಲ್ಲಿ ಅದೇನು ಸಿಗದ ವಸ್ತುವಲ್ಲ. ಒಣಗಲು ಜಾಸ್ತಿ ದಿನ ಬೇಕು ಅಷ್ಟೇ. ಕಲಘಟಗಿ ತೊಟ್ಟಿಲಿಗೆ ಮಾತ್ರ ಎಣ್ಣೆನೂ ಬೇಡ, ಸ್ಪಿರಿಟ್ ಅಂತೂ ಬೇಡವೇ ಬೇಡ. ಅದರ ಬಣ್ಣವೇ ಅರಗಿನದು, ಎದ್ದು ಬರುತ್ತದೆ.

ಒಂದು ಮಾತು ಜೋರಾಗಿ ಹೇಳಬೇಕು. ಅಗಸಿ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಕೂಡಿ ತಾನಾಗಿಯೇ ಬೆಂಕಿ ಹತ್ತಬಹುದು. ಬಿಚ್ಚಿ ಹೊರಗೆ ಒಣಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ. ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗರಿಗೆ ಮೊದಲ ದಿನವೇ ಹೇಳುವುದು ಇದನ್ನು.

ಬೆತ್ತದ ಕುರ್ಚಿ ಜೋತಿದ್ದರೆ ಎಸೆಯಬೇಡಿ. ಕುರ್ಚಿ ತಿರುವಿಹಾಕಿ, ಹೆಣಿಗೆಯ ಕೆಳಬದಿಗೆ ಬಿಸಿನೀರಿನ ಬಟ್ಟೆಯಿಂದ ಚೆನ್ನಾಗಿ ತೋಯಿಸಿ, ಗಾಳಿಗೆ ಒಣಗಲು ಬಿಡಿ. ಒಣಗುತ್ತ ಬಿಗಿಯುತ್ತದೆ. ಎಳೆ ಕಡಿದಿದ್ದರೆ ಮಾತ್ರ ಹೆಣೆಯುವವರೇ ಬೇಕು.

ಗೆದ್ದಲಿಗೆ ಬೇವಿನೆಣ್ಣೆ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ಹೊಸದಾಗಿ ಹತ್ತದಂತೆ ಸ್ವಲ್ಪ ತಡೆದೀತು. ಗೋಡೆಯಿಂದ ಮಣ್ಣಿನ ದಾರಿ ಕಪಾಟಿನವರೆಗೆ ಬಂದಿದ್ದರೆ ಸುಮ್ನೆ ಎಣ್ಣೆ ಖರ್ಚು. ಕಪಾಟನ್ನು ಗೋಡೆ ಬಿಟ್ಟು ನಾಲ್ಕು ಬೆರಳು ಈಚೆ ಎಳೆದು, ಆ ಗೋಡೆಗೆ ನೀರು ಎಲ್ಲಿಂದ ಜಿನುಗುತ್ತಿದೆ ಅಂತ ಮೊದಲು ಪ್ಲಂಬರ್‌ನನ್ನು ಕರೆಸಿ ನೋಡಿ. ಗೆದ್ದಲಿನವರನ್ನು ಕರೆಯುವುದು ಅದಾದ ಮೇಲೆ, ನನ್ನನ್ನು ಕರೆಯುವುದು ಎಲ್ಲ ಮುಗಿದ ಮೇಲೆ.