ಮೀಟರ್ ನೋಡಿ ಇಳಿಸೋದಲ್ಲ ಮಾವ

ನಾನು ಸಣ್ಣ ವಿಮಾನ ಹಾರಿಸ್ತೀನಿ ಅಂತ ಗೊತ್ತಾದರೆ ಸಾಕು, ಹಾಸನದಲ್ಲಿ ಜನ ಕೇಳೋದು ಎರಡೇ. ಬೂವನಹಳ್ಳಿ ವಿಮಾನ ನಿಲ್ದಾಣದ ಕಥೆ ಏನಾಯ್ತು? ಅದನ್ನ ಸರ್ಕಾರಕ್ಕೆ ಕೇಳಿ. ಇನ್ನೊಂದು, ಇಳಿಸುವಾಗ ನೆಲ ಎಷ್ಟು ಕೆಳಗಿದೆ ಅಂತ ಹೇಗೆ ಗೊತ್ತಾಗುತ್ತೆ? ಹೇಳಿ ಹೇಳಿ ಬಾಯಿ ನೋವು. ಬರೆದಿಡ್ತೀನಿ, ಓದ್ಕೊಳ್ಳಿ.

ಮದುವೆ ಊಟದ ಪಂಕ್ತಿಯಲ್ಲಿ ಮಾವ ಒಬ್ಬರು ಕೇಳಿದ್ದು ಹೀಗೆ: “ಮೀಟ್ರು ನೋಡ್ಕಂಡ್ ಇಳಿಸ್ತೀಯ ತಾನೇ ಮಗಾ?” ಇಲ್ಲ, ಕಣ್ಣಳತೆ ಅಂದೆ. “ಅಂದಾಜ್ ಮೇಲೆ ಇಳಿಸ್ತಾಳಂತೆ ಕಣ್ರಪ್ಪೋ!” ಅಂತ ಇಡೀ ಪಂಕ್ತಿಗೆ ಸಾರಿದರು. ಶಿರಾಡಿ ಘಾಟಿಯಲ್ಲಿ ಎದುರಿಗೆ ಲಾರಿ ಬರ್ತಿದ್ದರೂ ಓವರ್‌ಟೇಕ್ ಮಾಡೋ ಆಸಾಮಿ ಇವರು. ಲಾರಿ ಎಷ್ಟು ದೂರ ಅಂತ ಇವರ ಜೀಪಿನ ಯಾವ ಮುಳ್ಳು ತೋರಿಸುತ್ತೆ?

ಮಾವ ಹೇಳೋ ಮೀಟರ್, ಅಂದ್ರೆ ಎತ್ತರ ಅಳೆಯೋ ಆಲ್ಟಿಮೀಟರ್, ಸಾಮಾನ್ಯವಾಗಿ ತೋರಿಸೋದು ಸಮುದ್ರಮಟ್ಟದಿಂದ ಎತ್ತರ. ಹಾಸನದ ಬಸ್ ಸ್ಟ್ಯಾಂಡಲ್ಲಿಟ್ಟರೂ 3000 ಅಡಿಗೂ ಮೇಲೇ ತೋರಿಸುತ್ತೆ. ಹತ್ತಿಪ್ಪತ್ತು ಅಡಿ ಹೆಚ್ಚುಕಮ್ಮಿ ಅದಕ್ಕೆ ಲೆಕ್ಕವೇ ಅಲ್ಲ. ನಮಗೆ ಬೇಕಿರೋದು ಆ ಹತ್ತಿಪ್ಪತ್ತು ಅಡಿಯೇ.

ದೂರದಿಂದ ಬರುವಾಗ ಮುಂದಿನ ಗಾಜಿನಲ್ಲಿ ರನ್‌ವೇಯ ಯಾವ ಜಾಗ ಅಲ್ಲಾಡದೆ ನಿಂತಿರುತ್ತೋ, ನಾವು ಹೋಗ್ತಿರೋದು ಅಲ್ಲಿಗೇ. ಗುರಿಯಿಟ್ಟ ಜಾಗ ಗಾಜಿನಲ್ಲಿ ಮೇಲೇರಿದರೆ ಮುಂಚೆಯೇ ನೆಲ ಮುಟ್ತೀವಿ. ಕೆಳಗಿಳಿದರೆ ದಾಟಿ ಹೋಗ್ತೀವಿ. ಕೊನೆಗೆ ನೋಟವನ್ನ ರನ್‌ವೇಯ ಆಚೆ ತುದಿಗೆ ಎತ್ತಬೇಕು. ಆಗ ಎರಡೂ ಅಂಚು ಕಡೆಗಣ್ಣಲ್ಲಿ ಅಗಲವಾಗ್ತಾ ಮೇಲೆದ್ದು ಬರುತ್ತೆ, ಹಸಿರು ಬಯಲಾಗಿದ್ದದ್ದು ಹುಲ್ಲಾಗುತ್ತೆ. ಮೂತಿ ಎತ್ತೋಕೆ ಕೈಯಲ್ಲಿರೋ ಕಂಟ್ರೋಲನ್ನ ಮೆಲ್ಲಗೆ ಹಿಂದಕ್ಕೆ ಎಳೆಯೋದು ಆಗ. ಮೂಗಿನ ಕೆಳಗೇ ನೋಡ್ತಿದ್ದರೆ ನೆಲ ನುಗ್ಗಿ ಬಂದಂತಾಗಿ ಬೇಗ ಎಳೆದುಬಿಡ್ತೀವಿ. ವಿಮಾನ ಎತ್ತರದಲ್ಲೇ ವೇಗ ಕಳ್ಕೊಂಡು ದಬಕ್ಕನೆ ಬೀಳುತ್ತೆ.

ಕಣ್ಣೂ ಮೋಸ ಮಾಡುತ್ತೆ, ಒಪ್ತೀನಿ. ಅಭ್ಯಾಸಕ್ಕಿಂತ ಕಿರಿದಾದ ರನ್‌ವೇ ಕಂಡರೆ ತುಂಬಾ ಮೇಲಿದ್ದೀವಿ ಅನ್ನಿಸಿ ತಗ್ಗಿನಲ್ಲಿ ಬರ್ತೀವಿ. ಹಾಗಂತ “ಕನ್ನಡಕ ಹಾಕ್ಕೊಂಡು ಹೇಗೆ?” ಅಂತ ಕೇಳೋರಿಗೆ: ಅಮೆರಿಕದ ಪೈಲಟ್ ವೈಲಿ ಪೋಸ್ಟ್ 1933ರಲ್ಲಿ ಒಬ್ಬಂಟಿಯಾಗಿ ವಿಮಾನದಲ್ಲಿ ಭೂಮಿ ಸುತ್ತಿದ. ಅವನಿಗಿದ್ದದ್ದು ಒಂದೇ ಕಣ್ಣು.

ಯಾರಾದರೂ ಕೇಳಲಿ ಅಂತ ನಾನು ಕಾಯ್ತಿರೋ ಪ್ರಶ್ನೆ ಬೇರೆ: ಇಳಿಸಬಾರದು ಅಂತ ಯಾವಾಗ ತೀರ್ಮಾನ ಮಾಡ್ತೀಯ? ಯಾರೂ ಕೇಳಲ್ಲ. ರನ್‌ವೇ ಹತ್ತಿರ ಬಂದು ಮತ್ತೆ ಏರಿದರೆ ಪಕ್ಕದಲ್ಲಿ ಕೂತವರು “ಆಗ್ಲಿಲ್ವಾ?” ಅಂತಾರೆ. ರನ್‌ವೇ ಆಕಾರ ಸರಿ ಕಾಣ್ತಿಲ್ಲ, ಗಾಳಿ ಪಕ್ಕಕ್ಕೆ ತಳ್ತಿದೆ, ಅರ್ಧ ರನ್‌ವೇ ಕಾಲಡಿ ಹೋಯ್ತು. ಇದರಲ್ಲಿ ಒಂದಿದ್ದರೂ ಎಂಜಿನ್ ಶಕ್ತಿ ಹೆಚ್ಚಿಸೋ ಥ್ರಾಟಲ್ ಪೂರ್ತಿ ಒತ್ತಿ, ಮೂತಿಯನ್ನ ಏರುವಂತೆ ಹಿಡಿದು, ಇಳಿಯೋಕೆ ಅಂತ ರೆಕ್ಕೆಯ ಹಿಂದೆ ಇಳಿಬಿಟ್ಟಿದ್ದ ಫ್ಲ್ಯಾಪ್ ಹಂತಹಂತವಾಗಿ ಎತ್ಕೊಂಡು ಹೊರಡೋದೇ. ಫ್ಲ್ಯಾಪ್ ಒಂದೇ ಸಲಕ್ಕೆ ಎತ್ತಿದರೆ ವಿಮಾನ ಕುಸಿಯುತ್ತೆ.