ಕಥೆ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ

ನಾನು ಕಥೆ ಬರೆಯುತ್ತೇನೆಂದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ: "ನಿಮಗೆ ಕಥೆಗಳು ಎಲ್ಲಿಂದ ಸಿಗುತ್ತವೆ?" ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಬ್ಯಾಂಕಿನ ಸಾಲಿನಲ್ಲಿ ನಿಂತಾಗ ಕೇಳಿದ್ದಾರೆ. ನನಗೆ ಇದುವರೆಗೆ ಒಂದು ಕಥೆಯೂ ಸಿಕ್ಕಿಲ್ಲ. ಸಿಕ್ಕಿದ್ದು ಬೇರೆ ಏನೋ. ಅದೇನೆಂದು ಹೇಳಲು ಒಂದು ಹೆಬ್ಬೆರಳಿನ ವಿಷಯ ಹೇಳಬೇಕು.

ಮಲೆನಾಡಿನ ಒಂದು ನ್ಯಾಯಬೆಲೆ ಅಂಗಡಿ. ನನ್ನ ಮುಂದಿದ್ದ ಹೆಂಗಸು ಯಂತ್ರದ ಮೇಲೆ ಹೆಬ್ಬೆರಳು ಒತ್ತಿದರು. ಹೊಂದಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದರು. ಆಗಲೂ ಇಲ್ಲ. ಅಡಿಕೆ ಸುಲಿಯುವ ಕೈ ಅದು. ಮೆಟ್ಟುಗತ್ತಿಯ ಮುಂದೆ ಎಷ್ಟು ಸುಗ್ಗಿ ಕಳೆದಿತ್ತೋ, ಬೆರಳಿನ ಗೆರೆಗಳು ಸವೆದು ಚೊಗರಿನ ಕಪ್ಪು ಮಾತ್ರ ಉಳಿದಿತ್ತು. ಅವರು ಬೆರಳನ್ನು ತಿರುಗಿಸಿ ನೋಡಿಕೊಂಡು, "ಇದು ನನ್ನದೇ ಬೆರಳು ಮಾರಾಯರೇ" ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ.

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಒಂದೇ ಸಾಲು ಬರೆದೆ: ಅಡಿಕೆ ಸುಲಿದು ಗುರುತು ಸವೆದ ಹೆಬ್ಬೆರಳು.

ಆ ವಾರವೇ ಬರೆಯಲು ಕುಳಿತದ್ದು ತಪ್ಪಾಯಿತು. ಬಡ ಹೆಂಗಸು, ಕರುಣೆಯಿಲ್ಲದ ಯಂತ್ರ, ಖಾಲಿ ಚೀಲ. ಒಂಬತ್ತು ಪುಟ ಬರೆದು ಓದಿದರೆ ಅದು ಪತ್ರಿಕೆಗೆ ಬರೆದ ದೂರಿನಂತಿತ್ತು. ಕೋಪ ನಿಜವಾದದ್ದೇ, ಆದರೆ ಆ ಹೆಂಗಸು ಅದರೊಳಗೆ ಇರಲಿಲ್ಲ. ಅವರಿಗೆ ಏನು ಬೇಕಿತ್ತು, ಯಾರ ಮೇಲೆ ಮುನಿಸಿತ್ತು, ಯಾವುದನ್ನು ಮುಚ್ಚಿಟ್ಟಿದ್ದರು? ಒಂದೂ ನನಗೆ ಗೊತ್ತಿರಲಿಲ್ಲ. ಪುಟಗಳನ್ನು ಎತ್ತಿಟ್ಟೆ.

ಎರಡು ವರ್ಷದ ಮೇಲೆ ನಂಟರೊಬ್ಬರ ಮನೆಗೆ ಹೋಗಿದ್ದೆ. ಅಂದು ಅಕ್ಕತಂಗಿಯರನ್ನು ಊಟಕ್ಕೆ ಕರೆದಿದ್ದರು. ಊಟದ ಬಳಿಕ ಕುಂಕುಮ, ಸೀರೆ. ಅದರ ಜೊತೆಗೆ ಹಕ್ಕು ಬಿಡುಗಡೆ ಪತ್ರದ ಮಾತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲಿದೆ; ಆ ಪಾಲನ್ನು ಒಂದು ಸೀರೆಗೆ ಬಿಟ್ಟುಕೊಟ್ಟ ಅಕ್ಕಂದಿರನ್ನು ನಾನು ಬಲ್ಲೆ. ಹಿರಿಯಕ್ಕ ಮಾತಾಡದೆ ಸೀರೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಅದನ್ನು ನೋಡುತ್ತಿದ್ದಂತೆ ರೇಷನ್ ಅಂಗಡಿಯ ಬೆರಳು ಎದ್ದು ಬಂತು. ಅಲ್ಲಿ ಹೊಂದದ ಬೆರಳು, ಪತ್ರ ನೋಂದಾಯಿಸುವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ಹೊಂದದಿದ್ದರೆ? ಅಕ್ಕಿ ತಪ್ಪಿಸಿದ ಬೆರಳೇ ಒಬ್ಬ ಅಕ್ಕನ ಪಾಲಿನ ತೋಟವನ್ನು ಉಳಿಸಿದರೆ? ಅದು ತಿಳಿದು, ತಮ್ಮ ಬೇಡವೆಂದರೂ ಅವಳು ಇನ್ನೊಂದು ಸುಗ್ಗಿಗೆ ಮೆಟ್ಟುಗತ್ತಿಯ ಮುಂದೆ ಹೋಗಿ ಕುಳಿತರೆ?

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಲಿಗೆ ಹೆಪ್ಪು ಬಿದ್ದಿತ್ತು.

ನಮಗೆ ಸಿಗುವುದು ಹಾಲು ಮಾತ್ರ. ಹೆಪ್ಪು ಬೇರೆ ಕಡೆಯಿಂದ, ಬೇರೆ ಹೊತ್ತಿನಲ್ಲಿ ಬರುತ್ತದೆ. ಅದು ಬರುವವರೆಗೆ ಹಾಲು ಕೆಡದಂತೆ ಕಾಯಬೇಕು. ನನಗಂತೂ ಆ ಒಂದು ಸಾಲಿನ ನೋಟ್‌ಬುಕ್ಕನ್ನು ಆಗಾಗ ತಿರುವುವುದೇ ಆ ಕಾಯುವ ಕೆಲಸ. ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಾಡಿಸಲೂ ಬಾರದು. ಹೊಳೆದದ್ದನ್ನು ಸಂಜೆಯೇ ಗೆಳತಿಯರಿಗೆ ಹೇಳಿಬಿಟ್ಟ ಮೂರು ಕಥೆಗಳು ನನ್ನಲ್ಲಿ ಇವತ್ತಿಗೂ ಗಟ್ಟಿಯಾಗಿಲ್ಲ. ಅವರ ಬೆರಗನ್ನು ಕಂಡ ಮೇಲೆ ಬರೆಯುವ ಹಸಿವು ಇಂಗಿಹೋಯಿತು.

ರಷ್ಯದ ಕಥೆಗಾರ ಗೊಗೊಲ್‌ನ ಪ್ರಸಂಗ ಇಲ್ಲಿ ಹೇಳಲೇಬೇಕು. ಅವನ ಗೆಳೆಯ ಅನ್ನೆಂಕೋವ್ ಇದನ್ನು ನೆನಪುಗಳಲ್ಲಿ ಬರೆದಿಟ್ಟಿದ್ದಾನೆ. ಹಕ್ಕಿ ಬೇಟೆಯ ಹುಚ್ಚಿದ್ದ ಬಡ ಗುಮಾಸ್ತನೊಬ್ಬ ಹೊಟ್ಟೆಬಟ್ಟೆ ಕಟ್ಟಿ, ಹೆಚ್ಚಿನ ಕೆಲಸ ಮಾಡಿ, 200 ರೂಬಲ್ ಕೂಡಿಸಿ ಬಂದೂಕು ಕೊಂಡ. ಮೊದಲ ಸಲ ದೋಣಿಯಲ್ಲಿ ಹೊರಟ ದಿನವೇ ಜೊಂಡಿಗೆ ಸಿಕ್ಕಿ ಅದು ನೀರುಪಾಲಾಯಿತು. ಅವನು ಜ್ವರ ಬಂದು ಮಲಗಿದ; ಸಹೋದ್ಯೋಗಿಗಳು ಚಂದಾ ಎತ್ತಿ ಹೊಸ ಬಂದೂಕು ತಂದುಕೊಟ್ಟರು. ಗೊಗೊಲ್‌ನ ಎದುರಿಗೆ ಯಾರೋ ಹೇಳಿದ ಈ ಸಂಗತಿಯನ್ನು ಕೇಳಿದವರೆಲ್ಲ ನಕ್ಕರು. ಗೊಗೊಲ್ ಮಾತ್ರ ತಲೆ ತಗ್ಗಿಸಿ ಯೋಚಿಸುತ್ತಿದ್ದ. 1842ರಲ್ಲಿ ಅವನ 'ಓವರ್‌ಕೋಟ್' ಕಥೆ ಹೊರಬಂದಾಗ ಅದರಲ್ಲಿ ಬಂದೂಕು ಇರಲಿಲ್ಲ, ಬೇಟೆಯೂ ಇರಲಿಲ್ಲ. ಪೀಟರ್ಸ್‌ಬರ್ಗಿನ ಚಳಿಯಲ್ಲಿ ಗುಮಾಸ್ತನೊಬ್ಬನಿಗೆ ಇಲ್ಲದೆ ಬದುಕಲಾಗದಂಥ ಕೋಟು ಇತ್ತು. ಅದು ಕಳುವಾದಾಗ ಸಹೋದ್ಯೋಗಿಗಳು ಎತ್ತಿದ ಚಂದಾ ಅಲ್ಲಿ ಅವನನ್ನು ಉಳಿಸುವಷ್ಟು ಇರಲಿಲ್ಲ. ನಕ್ಕವರಿಗೆ ಅದು ಮುಗಿದ ಕಥೆ; ಗೊಗೊಲ್‌ಗೆ ಮುಗಿದಿರಲಿಲ್ಲ. ಕಂಡದ್ದನ್ನು ಇದ್ದಂತೆಯೇ ಬರೆಯಬೇಕೆಂದು ಹಟ ಹಿಡಿಯುವ ಹೊಸ ಲೇಖಕರಿಗೆ ನಾನು ಯಾವಾಗಲೂ ಹೇಳುವ ಉದಾಹರಣೆ ಇದು. ನಾನೂ ಆ ಹೆಂಗಸಿನ ಬಾಳನ್ನು ತೆಗೆದುಕೊಳ್ಳಲಿಲ್ಲ. ಬೆರಳಿನಿಂದ ಆಚೆಗೆ ಇದ್ದದ್ದೆಲ್ಲ ನನ್ನ ಕಲ್ಪನೆ.

ಕಳೆದ ತಿಂಗಳು ಗ್ರಂಥಾಲಯವೊಂದರಲ್ಲಿ ಗೃಹಿಣಿಯೊಬ್ಬರು ಇದೇ ಪ್ರಶ್ನೆ ಕೇಳಿದರು. "ನಮ್ಮ ಮನೆಯಲ್ಲಿ ಅಂಥದ್ದೇನೂ ನಡೆಯುವುದಿಲ್ಲ ಮೇಡಂ" ಎಂದವರು, ತೀರಿಕೊಂಡ ಅತ್ತೆಯ ಬೀಗ ಹಾಕಿದ ಪೆಟ್ಟಿಗೆಯನ್ನು ಹನ್ನೊಂದು ವರ್ಷವಾದರೂ ಮನೆಯಲ್ಲಿ ಯಾರೂ ತೆರೆದಿಲ್ಲವೆಂದು ಹೇಳಿದರು. ಕೀಲಿಕೈ ಎಲ್ಲಿದೆ ಎಂದು ಕೇಳಿದೆ. "ನನ್ನ ಹತ್ತಿರವೇ ಇದೆ" ಎಂದು ಹೇಳಿ ತಾವೇ ಒಂದು ಕ್ಷಣ ಸುಮ್ಮನಾದರು. ನಾನು ನೋಟ್‌ಬುಕ್ ತೆರೆಯಲಿಲ್ಲ. ನನ್ನ ಪೆನ್ನನ್ನು ಅವರಿಗೆ ಕೊಟ್ಟೆ.