ನಡೆಯುವಾಗ ಕೇಳೋಕೆ ಯಾವ ಪಾಡ್‌ಕಾಸ್ಟ್ ಒಳ್ಳೇದು?

ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ವಾಕಿಂಗ್ ಹೋಗ್ತೀನಿ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಇದು. "ಏನು ಕೇಳ್ತೀರಿ? ಒಂದೆರಡು ಹೆಸರು ಹೇಳಿ." ನನ್ನ ಉತ್ತರ ಯಾವಾಗಲೂ ಒಂದೇ. ಲಾಭಕ್ಕಲ್ಲದೆ ಜನರ ದುಡ್ಡಿನಲ್ಲಿ ನಡೆಯುವ ಸಾರ್ವಜನಿಕ ರೇಡಿಯೋದವರು ಮಾಡಿದ್ದನ್ನು ಕೇಳಿ. ಅಂದರೆ ಬ್ರಿಟನ್ನಿನ ಬಿಬಿಸಿ, ಅಮೆರಿಕದ ಎನ್‌ಪಿಆರ್, ಮತ್ತೆ ಅಲ್ಲಿನ ಬೇರೆ ಬೇರೆ ಊರುಗಳ ಪಬ್ಲಿಕ್ ರೇಡಿಯೋ ಸ್ಟೇಷನ್ನುಗಳು.

ಅದೇ ಯಾಕೆ? ರೇಡಿಯೋದವರು ಮೊದಲಿಂದಲೂ ಬೇರೆ ಏನೋ ಕೆಲಸ ಮಾಡುತ್ತಾ ಕೇಳುವವರಿಗಾಗಿಯೇ ಬರೆದವರು. ಅಡುಗೆ ಮಾಡುವವರು, ಕಾರು ಓಡಿಸುವವರು, ಅರ್ಧದಲ್ಲಿ ರೇಡಿಯೋ ಹಾಕಿದವರು. ಇವರಿಗೆ ಹಿಂದಕ್ಕೆ ತಿರುಗಿಸಿ ಕೇಳುವ ದಾರಿಯೇ ಇರಲಿಲ್ಲ. ಹಾಗಾಗಿ ವಾಕ್ಯಗಳು ಚಿಕ್ಕವು. ಒಂದು ಸಲಕ್ಕೆ ಒಂದೇ ವಿಷಯ. ಮಾತಾಡ್ತಿರೋದು ಯಾರು, ಕಥೆ ಎಲ್ಲಿಗೆ ಬಂತು ಅಂತ ನಡುನಡುವೆ ನೆನಪಿಸುತ್ತಾರೆ. ನಡೆಯುವವರ ಗಮನವೂ ಹಾಗೇ ಅಲ್ವಾ? ರಸ್ತೆ ದಾಟುವಾಗ ನಾಲ್ಕು ಮಾತು ತಪ್ಪಿಹೋಗುತ್ತವೆ. ಒಳ್ಳೆ ರೇಡಿಯೋ ಬರಹ ಅಷ್ಟರಲ್ಲೇ ನಿಮ್ಮನ್ನು ಮತ್ತೆ ಒಳಗೆ ಕರೆದುಕೊಳ್ಳುತ್ತದೆ. ಇಬ್ಬರು ಗೆಳೆಯರು ಮೈಕ್ ಮುಂದೆ ಕೂತು ಎರಡು ಗಂಟೆ ಹರಟುವ ಪಾಡ್‌ಕಾಸ್ಟಿನಲ್ಲಿ ಈ ಅನುಕೂಲ ಸಿಗೋದು ಕಷ್ಟ.

ಹೊಸಬರಿಗೆ ನಾನು ಮೊದಲು ಹೇಳೋದು ಬಿಬಿಸಿಯ 'ಎ ಹಿಸ್ಟರಿ ಆಫ್ ದ ವರ್ಲ್ಡ್ ಇನ್ 100 ಆಬ್ಜೆಕ್ಟ್ಸ್'. 2010ರಲ್ಲಿ ಬಂದದ್ದು. ಆಗ ಬ್ರಿಟಿಷ್ ಮ್ಯೂಸಿಯಂನ ನಿರ್ದೇಶಕರಾಗಿದ್ದ ನೀಲ್ ಮ್ಯಾಕ್‌ಗ್ರೆಗರ್ ಅಲ್ಲಿನ ನೂರು ವಸ್ತುಗಳನ್ನು ಹಿಡಿದು ಮನುಷ್ಯರ ಚರಿತ್ರೆ ಹೇಳುತ್ತಾರೆ. ಒಂದೊಂದು ಸಂಚಿಕೆ ಹದಿನೈದು ನಿಮಿಷದೊಳಗೆ ಮುಗಿಯುತ್ತದೆ. ಎದುರಿಗೆ ವಸ್ತು ಇಲ್ಲ, ಚಿತ್ರವೂ ಇಲ್ಲ, ಬರೀ ಮಾತು. ಆ ಮಾತಿನಲ್ಲೇ ಅವರು ತಾಂಜಾನಿಯಾದ ಓಲ್ಡುವಾಯಿ ಕಣಿವೆಯ ಕಲ್ಲಿನ ಉಪಕರಣವನ್ನು ನಿಮ್ಮ ಕೈಗೇ ಕೊಟ್ಟಂತೆ ವಿವರಿಸುತ್ತಾರೆ. ನಡೆಯುವಾಗ ಕಣ್ಣು ದಾರಿಯ ಮೇಲೇ ಇರಬೇಕು, ಹಾಗಾಗಿ ಮಾತಿನಲ್ಲೇ ತೋರಿಸುವ ಇಂಥ ಕಾರ್ಯಕ್ರಮಕ್ಕಿಂತ ಬೇರೆ ಬೇಕಿಲ್ಲ. ಮೊದಲಿಂದಲೇ ಕೇಳಬೇಕು ಅಂತೇನೂ ಇಲ್ಲ. ಸಿಂಧೂ ನಾಗರಿಕತೆಯ ಮುದ್ರೆ, ಅಶೋಕನ ಕಂಬದ ತುಂಡು, ಕುಮಾರಗುಪ್ತನ ಚಿನ್ನದ ನಾಣ್ಯ ಎಲ್ಲವೂ ಆ ನೂರರಲ್ಲಿವೆ. ಅಲ್ಲಿಂದ ಶುರು ಮಾಡಿದರೂ ಆಯ್ತು. ಕೊನೆಯ ವಸ್ತು ಸೌರಶಕ್ತಿಯಿಂದ ಉರಿಯುವ ಒಂದು ದೀಪ ಮತ್ತು ಅದರ ಚಾರ್ಜರ್.

ಅರ್ಧ ಗಂಟೆ ನಡೆಯುವವರಿಗೆ ಎನ್‌ಪಿಆರ್‌ನ 'ಪ್ಲಾನೆಟ್ ಮನಿ'. 2008ರ ಆರ್ಥಿಕ ಕುಸಿತದ ಕಾಲದಲ್ಲಿ ಹುಟ್ಟಿದ ಕಾರ್ಯಕ್ರಮ. ಅರ್ಥಶಾಸ್ತ್ರ ಅಂದ ಕೂಡಲೇ ಹಿಂದೆ ಸರಿಯಬೇಡಿ. 2013ರಲ್ಲಿ ಇವರು ತಾವೇ ಟೀ ಶರ್ಟ್ ಮಾಡಿಸಿ, ಅದರ ಹಿಂದೆಯೇ ಹೋದರು. ಹತ್ತಿ ಅಮೆರಿಕದ ಮಿಸಿಸಿಪಿಯಲ್ಲಿ ಬೆಳೆದದ್ದು. ಗಂಡಸರ ಶರ್ಟಿನ ನೂಲು ತೆಗೆದದ್ದು ಇಂಡೋನೇಷ್ಯಾದಲ್ಲಿ. ಅದನ್ನು ಹೊಲಿದದ್ದು ಬಾಂಗ್ಲಾದೇಶದಲ್ಲಿ, ಹೆಂಗಸರ ಶರ್ಟ್ ಹೊಲಿದದ್ದು ಕೊಲಂಬಿಯಾದಲ್ಲಿ. ಹೊಲಿದವರ ಮನೆಗೂ ಹೋಗಿ ಮಾತಾಡಿಸಿದ್ದಾರೆ. ಅದನ್ನು ಕೇಳಿದ ಮೇಲೆ ಮೈಮೇಲಿನ ಬಟ್ಟೆಯನ್ನು ನಾನು ಮೊದಲಿನ ಹಾಗೆ ನೋಡಿಲ್ಲ. ಟೈಮ್ ಕಮ್ಮಿ ಇದ್ದರೆ ಇವರದೇ 'ದ ಇಂಡಿಕೇಟರ್' ಇದೆ, ಹತ್ತು ನಿಮಿಷದ ಆಸುಪಾಸು. ಬಿಬಿಸಿ ವರ್ಲ್ಡ್ ಸರ್ವಿಸ್‌ನ 'ವಿಟ್ನೆಸ್ ಹಿಸ್ಟರಿ'ಯೂ ಅಷ್ಟೇ ಉದ್ದ. ಒಂದು ಘಟನೆ, ಅದನ್ನು ಕಣ್ಣಾರೆ ಕಂಡವರ ಬಾಯಿಂದ.

ಒಂದು ಗಂಟೆ ನಡೆಯುತ್ತೀರಾ? ಹಾಗಾದರೆ 'ದಿಸ್ ಅಮೆರಿಕನ್ ಲೈಫ್'. 1995ರಲ್ಲಿ ಶಿಕಾಗೋದ ಡಬ್ಲ್ಯುಬಿಇಝಡ್ ಸ್ಟೇಷನ್ನಿನಲ್ಲಿ ಐರಾ ಗ್ಲಾಸ್ ಶುರು ಮಾಡಿದ್ದು, ಇವತ್ತಿಗೂ ನಡೆಸುತ್ತಿದ್ದಾರೆ. ಸಾಮಾನ್ಯ ಜನರ ಬದುಕಿನ ಕಥೆಗಳು. ವಾರಕ್ಕೊಂದು ವಿಷಯ ತಗೊಂಡು ಅದನ್ನು ಎರಡು ಮೂರು ಅಂಕಗಳಾಗಿ ಹೇಳುತ್ತಾರೆ, ಹಾಗಾಗಿ ಒಂದು ಅಂಕ ಮುಗಿದಲ್ಲಿ ನಿಲ್ಲಿಸಿ ಮಾರನೇ ದಿನ ಮುಂದುವರಿಸಬಹುದು. ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ ಅನ್ನು ಆಡಿಯೋ ವರದಿಗೆ ಅಂತ ಮೊದಲ ಸಲ ಕೊಟ್ಟಾಗ, 2020ರಲ್ಲಿ, ಅದು ಬಂದದ್ದು ಇವರಿಗೇ.

ನನಗೆ ಎಲ್ಲಕ್ಕಿಂತ ಇಷ್ಟ ಬಿಬಿಸಿ ರೇಡಿಯೋ 4ರ 'ಇನ್ ಅವರ್ ಟೈಮ್'. ಮೆಲ್ವಿನ್ ಬ್ರ್ಯಾಗ್ 1998ರಿಂದ 2025ರವರೆಗೆ ಸಾವಿರಕ್ಕೂ ಜಾಸ್ತಿ ಸಂಚಿಕೆ ನಡೆಸಿದರು. ಒಂದು ವಿಷಯ, ಮೂವರು ಪ್ರೊಫೆಸರುಗಳು, ಮುಕ್ಕಾಲು ಗಂಟೆ ಮಾತು. ಒಂದು ವಾರ ಕಪ್ಪು ರಂಧ್ರ, ಇನ್ನೊಂದು ವಾರ ಯಾವುದೋ ಹಳೆಯ ಯುದ್ಧ. ಹಿನ್ನೆಲೆ ಸಂಗೀತವಿಲ್ಲ, ಅಲಂಕಾರವಿಲ್ಲ. ಯಾರಾದರೂ ಸುಮ್ನೆ ಸುತ್ತಿ ಬಳಸಿ ಮಾತಾಡಿದರೆ ಬ್ರ್ಯಾಗ್ ಅಲ್ಲೇ ತಡೆದು, ನೇರವಾಗಿ ವಿಷಯಕ್ಕೆ ಕರೆತರುತ್ತಾರೆ. ಪಾಡ್‌ಕಾಸ್ಟಿನಲ್ಲಿ ಕಾರ್ಯಕ್ರಮ ಮುಗಿದ ಮೇಲೂ ಸ್ವಲ್ಪ ಇದೆ, ಅದನ್ನು ಬಿಡಬೇಡಿ. ಹೇಳದೇ ಉಳಿದದ್ದೇನು ಅಂತ ಬ್ರ್ಯಾಗ್ ಕೇಳುತ್ತಾರೆ. ಪ್ರೊಫೆಸರುಗಳು ಬಿಗಿ ಬಿಟ್ಟು ಮಾತಾಡತೊಡಗುತ್ತಾರೆ. ಆಮೇಲೆ ಪ್ರೊಡ್ಯೂಸರ್ ಒಳಗೆ ಬಂದು "ಟೀನಾ, ಕಾಫಿನಾ?" ಅಂತ ವಿಚಾರಿಸುವುದೂ ಕೇಳಿಸುತ್ತದೆ.

ನ್ಯೂಯಾರ್ಕಿನ ಡಬ್ಲ್ಯುಎನ್‌ವೈಸಿಯ 'ರೇಡಿಯೋಲ್ಯಾಬ್' ಬಗ್ಗೆ ಒಂದು ಮಾತು. ವಿಜ್ಞಾನವನ್ನು ಇಷ್ಟು ಕುತೂಹಲದಿಂದ ಹೇಳುವವರು ಕಮ್ಮಿ. ಆದರೆ ಅದರಲ್ಲಿ ಶಬ್ದದ ಮೇಲೆ ಶಬ್ದ ಇದೆ. ಒಬ್ಬರು ಶುರು ಮಾಡಿದ ವಾಕ್ಯವನ್ನು ಇನ್ನೊಬ್ಬರು ಮುಗಿಸುತ್ತಾರೆ. ವಾಹನಗಳ ಸದ್ದಿನ ನಡುವೆ ಅರ್ಧ ಕೇಳಿಸುವುದೇ ಇಲ್ಲ. ಅದನ್ನು ಪಾರ್ಕಿಗೆ ಇಟ್ಟುಕೊಳ್ಳಿ. ರಸ್ತೆಯಲ್ಲಿ ನಡೆಯುವಾಗಲಂತೂ ಏನೇ ಕೇಳಿ, ಒಂದು ಕಿವಿ ಖಾಲಿ ಇರಲಿ.

ಇದಕ್ಕೆಲ್ಲ ದುಡ್ಡು ಕೊಡಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಡ, ಯಾವ ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ ಹುಡುಕಿದರೂ ಉಚಿತವಾಗಿ ಸಿಗುವಂಥವೇ ಜಾಸ್ತಿ. ಆದರೆ ಮಾಡುವವರಿಗೆ ಖರ್ಚಿದೆ. ಬಿಬಿಸಿ ನಡೆಯುವುದು ಬ್ರಿಟನ್ನಿನ ಮನೆಗಳು ಕಟ್ಟುವ ಲೈಸೆನ್ಸ್ ಶುಲ್ಕದಿಂದ. ಅಮೆರಿಕದ ಸ್ಟೇಷನ್ನುಗಳಿಗೆ ಕೇಳುಗರ ದೇಣಿಗೆಯೇ ದೊಡ್ಡ ಆಸರೆ. ಸರ್ಕಾರದಿಂದಲೂ ಸ್ವಲ್ಪ ಬರುತ್ತಿತ್ತು. 2025ರಲ್ಲಿ ಅಲ್ಲಿನ ಸಂಸತ್ತು ಸಾರ್ವಜನಿಕ ರೇಡಿಯೋ ಮತ್ತು ಟೀವಿಗೆ ಇಟ್ಟಿದ್ದ ಸುಮಾರು 110 ಕೋಟಿ ಡಾಲರ್ ಅನ್ನು ವಾಪಸ್ ತೆಗೆದುಕೊಂಡಿತು. ಇದರ ಪೆಟ್ಟು ಜಾಸ್ತಿ ಬೀಳುವುದು ಸಣ್ಣ ಊರಿನ ಸ್ಟೇಷನ್ನುಗಳಿಗೆ. ಇದು ನನಗೆ ನಿಜಕ್ಕೂ ಬೇಸರ ತಂದ ಸಂಗತಿ. ನಿಮಗೆ ಯಾವುದಾದರೂ ಕಾರ್ಯಕ್ರಮ ಹಿಡಿಸಿದರೆ, ಅದನ್ನು ಮಾಡಿದ ಸ್ಟೇಷನ್ ಯಾವುದು ಅಂತ ನೋಡಿ, ಕೈಲಾದಷ್ಟು ಕಳಿಸಿ.